ಧಣಿ ಕೊಟ್ಟ ಕೃಪೆ, ನಾವು ಪಡೆದ ಹಕ್ಕು

(ಗಿರಣಿ ಕಾರ್ಮಿಕರ ಹಾಗೂ ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಗೆ ಬಂದವರಲ್ಲಿ ಅರ್ಧ ಜನ ಪಾಳಿ ಮುಗಿಸಿ ನೇರವಾಗಿ ಬಂದಿದ್ದೀರಿ; ಉಳಿದರ್ಧ ಜನ ಅಂಗಡಿಯನ್ನು ಮಕ್ಕಳ ವಶಕ್ಕೆ ಬಿಟ್ಟು ಬಂದಿದ್ದೀರಿ. ನಮಗೆ ಅಮೆರಿಕದ ಕಂಪನಿಗಳ ಸುದ್ದಿ ಏಕೆ ಎಂದು ಕೆಲವರು ಬಾಗಿಲಲ್ಲೇ ನಮ್ಮನ್ನು ಕೇಳಿದರು. ಕೇಳಿದ್ದು ನ್ಯಾಯವೇ ಸರಿ. ಒಂದು ಕಾಗದದ ಕತೆಯನ್ನು ಹೇಳುತ್ತೇವೆ. ಅದನ್ನು ಕೇಳಿದ ಮೇಲೆ ಈ ವಿಷಯ ನಮ್ಮದು ಹೌದೋ ಅಲ್ಲವೋ ಎಂಬುದನ್ನು ನೀವೇ ತೀರ್ಮಾನಿಸಿರಿ.

2025ರ ಮಾರ್ಚ್ ತಿಂಗಳ ಕೊನೆಯಲ್ಲಿ ಪ್ಯಾರಿಸ್ಸಿನ ಅಮೆರಿಕನ್ ರಾಯಭಾರ ಕಚೇರಿಯಿಂದ ಹಲವು ಫ್ರೆಂಚ್ ಕಂಪನಿಗಳಿಗೆ ಒಂದು ಕಾಗದ ಹೋಯಿತು. ನೀವು ನಮ್ಮ ಸರಕಾರಕ್ಕೆ ಸರಕು ಒದಗಿಸುವವರು, ಆದ್ದರಿಂದ ನಮ್ಮ ಅಧ್ಯಕ್ಷರ ಹುಕುಂ ನಿಮಗೂ ಅನ್ವಯಿಸುತ್ತದೆ, ನಿಮ್ಮಲ್ಲಿ ನಮ್ಮ ಕಾನೂನಿಗೆ ವಿರುದ್ಧವಾದ ‘ವೈವಿಧ್ಯ’ದ ಕಾರ್ಯಕ್ರಮ ಯಾವುದೂ ಇಲ್ಲವೆಂದು ಐದು ದಿನಗಳೊಳಗೆ ರುಜು ಮಾಡಿ ಕಳುಹಿಸಿರಿ, ರುಜು ಮಾಡಲಾರಿರಾದರೆ ಕಾರಣಗಳನ್ನು ವಿವರವಾಗಿ ಬರೆಯಿರಿ, ನಮ್ಮ ವಕೀಲರಿಗೆ ಒಪ್ಪಿಸುತ್ತೇವೆ. ಇದು ಕಾಗದದ ಸಾರ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರಾಡಳಿತದ ಯೋಜನಾ ಕಚೇರಿಗೂ ಇಂಥದೇ ಕಾಗದ ಹೋಯಿತು. ಬೇರೆ ದೇಶದ ನೆಲದಲ್ಲಿ, ಬೇರೆ ದೇಶದ ಕಾಯಿದೆಯ ಕೆಳಗೆ ನಡೆಯುವ ಕಚೇರಿ ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಯಾರನ್ನು ಮೇಲಕ್ಕೆ ತರಬೇಕು ಎಂಬುದನ್ನು ವಾಷಿಂಗ್ಟನ್ ಹೇಳಹೊರಟಿತು.

ಏನಿದು ವೈವಿಧ್ಯದ ಕಾರ್ಯಕ್ರಮ? ಇಂಗ್ಲಿಷಿನಲ್ಲಿ ಡಿ.ಇ.ಐ. ಎಂದು ಕರೆಯುತ್ತಾರೆ: ವೈವಿಧ್ಯ, ಸಮನ್ಯಾಯ, ಎಲ್ಲರನ್ನೂ ಒಳಗೊಳ್ಳುವುದು. ಕಚೇರಿಯಲ್ಲಿ ಇಂತಿಷ್ಟು ಹೆಂಗಸರಿರಬೇಕೆಂಬ ಗುರಿ, ಕಪ್ಪು ಜನರಿಗೆ ಬಡ್ತಿಯ ತರಬೇತಿ, ಅಂಗವಿಕಲರಿಗೆ ಅನುಕೂಲ, ಸಣ್ಣ ಸಮುದಾಯಗಳ ವ್ಯಾಪಾರಿಗಳಿಂದ ಸರಕು ಕೊಳ್ಳುವುದು – ಇವೆಲ್ಲ ಅದರಲ್ಲಿ ಬರುತ್ತವೆ. 2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನನ್ನು ಪೋಲೀಸನೊಬ್ಬ ಕುತ್ತಿಗೆಯ ಮೇಲೆ ಮಂಡಿಯೂರಿ ಕೊಂದಾಗ ಆ ದೇಶವೆಲ್ಲ ಬೀದಿಗಿಳಿಯಿತು. ಆಗ ಕಂಪನಿಗಳು ಪೈಪೋಟಿಯ ಮೇಲೆ ಇಂಥ ವಾಗ್ದಾನಗಳನ್ನು ಮಾಡಿದವು. ಐದು ವರ್ಷವಾಗುವುದರೊಳಗೆ ಪೈಪೋಟಿಯ ಮೇಲೆಯೇ ಅವನ್ನು ಕೈಬಿಟ್ಟವು.

ಕೈಬಿಡುವುದು ಹುಕುಮಿಗೆ ಮೊದಲೇ ಶುರುವಾಗಿತ್ತು. 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಾಲೇಜಿನ ಪ್ರವೇಶದಲ್ಲಿ ಜನಾಂಗವನ್ನು ಗಣಿಸಕೂಡದೆಂದು ತೀರ್ಪು ಕೊಟ್ಟಿತು. ಆ ತೀರ್ಪು ಕಂಪನಿಗಳ ಕುರಿತದ್ದಲ್ಲ. ಆದರೆ ಕಂಪನಿಗಳ ಮೇಲೆ ದಾವೆ ಹೂಡುವವರಿಗೆ ಅದರಿಂದ ಬಲ ಬಂದಿತು. 2024ರಲ್ಲಿ ಟ್ರ್ಯಾಕ್ಟರ್ ಮಾಡುವ ಜಾನ್ ಡಿಯರ್, ಮೋಟಾರು ಮಾಡುವ ಫೋರ್ಡ್, ದೊಡ್ಡ ಅಂಗಡಿಕಾರ ವಾಲ್‌ಮಾರ್ಟ್ ಹಿಂದೆ ಸರಿದವು. 2025ರ ಜನವರಿ 21ರಂದು ಅಧ್ಯಕ್ಷ ಟ್ರಂಪ್ 14173ನೆಯ ಹುಕುಮಿಗೆ ಸಹಿ ಹಾಕಿದರು. ಸರಕಾರದ ಗುತ್ತಿಗೆ ಬೇಕಾದವನು ತನ್ನಲ್ಲಿ ‘ಅಕ್ರಮ’ ವೈವಿಧ್ಯ ಕಾರ್ಯಕ್ರಮವಿಲ್ಲವೆಂದು ಪ್ರಮಾಣ ಮಾಡಬೇಕು. ಪ್ರಮಾಣ ಸುಳ್ಳಾದರೆ 1863ರ ಕಾಯಿದೆಯೊಂದರ ಕೆಳಗೆ ಮೂರು ಪಟ್ಟು ನಷ್ಟ ತುಂಬಿಕೊಡಬೇಕು. ಈ ಕಾಯಿದೆ ಲಿಂಕನ್ನನ ಕಾಲದ್ದು. ಅಂತರ್ಯುದ್ಧದಲ್ಲಿ ಸೈನ್ಯಕ್ಕೆ ಕೆಟ್ಟ ಸರಕು ಕೊಟ್ಟು ಹಣ ಹೊಡೆದ ಕಂತ್ರಾಟುದಾರರನ್ನು ಹಿಡಿಯಲು ಮಾಡಿದ್ದು. ಅದನ್ನೀಗ ಹೆಂಗಸರಿಗೂ ಕಪ್ಪು ಜನರಿಗೂ ಬಾಗಿಲು ತೆರೆದವನನ್ನು ಬೆದರಿಸಲು ಎತ್ತಿಕೊಂಡರು.

ಜಾಣತನ ಎಲ್ಲಿದೆ ನೋಡಿರಿ. ‘ಅಕ್ರಮ’ ಯಾವುದು, ‘ಸಕ್ರಮ’ ಯಾವುದು ಎಂಬುದನ್ನು ಹುಕುಮಿನಲ್ಲಿ ಬಿಡಿಸಿ ಹೇಳಲಿಲ್ಲ. ಗೆರೆ ಎಲ್ಲಿದೆಯೆಂದು ತಿಳಿಯದಿದ್ದಾಗ ವ್ಯಾಪಾರಿ ಗೆರೆಯಿಂದ ಬಹುದೂರ ನಿಲ್ಲುತ್ತಾನೆ. ನಮ್ಮ ವರ್ತಕ ಮಿತ್ರರಿಗೆ ಇದನ್ನು ವಿವರಿಸಬೇಕಾಗಿಲ್ಲ. ತನಿಖೆಯವನು ಬಂದಾನೆಂದು ಕೇಳಿದೊಡನೆ ತಪ್ಪಿಲ್ಲದ ಸರಕನ್ನೂ ಒಳಗೆ ಇಡುವುದು ಅಂಗಡಿ ಬೀದಿಯಲ್ಲಿ ಎಲ್ಲರೂ ಕಂಡದ್ದೇ. ಕೋರ್ಟು ತಪ್ಪೆನ್ನದೆ ಇದ್ದುದನ್ನೂ ಕಂಪನಿಗಳು ಅಂಜಿ ತಾವಾಗಿಯೇ ತೆಗೆದುಹಾಕಿದವು.

ಬಾಗಿದವರ ಪಟ್ಟಿ ಉದ್ದವಾಗಿದೆ. ಆಕ್ಸೆಂಚರ್ ಕಂಪನಿ 2017ರಲ್ಲಿ, 2025ರ ಹೊತ್ತಿಗೆ ತನ್ನ ನೌಕರರಲ್ಲಿ ಗಂಡಸರೂ ಹೆಂಗಸರೂ ಸಮಸಮನಾಗಿರಬೇಕೆಂದು ಗುರಿಯಿಟ್ಟಿತ್ತು. 2025ರ ಫೆಬ್ರವರಿಯಲ್ಲಿ ಜಗತ್ತಿನಾದ್ಯಂತ ಇಂಥ ಗುರಿಗಳಿಗೆ ಮಂಗಳ ಹಾಡಿತು. ಜರ್ಮನಿಯ ಎಸ್.ಎ.ಪಿ. ಕಂಪನಿ ನೌಕರರಲ್ಲಿ ನೂರಕ್ಕೆ 40 ಜನ ಹೆಂಗಸರಿರಬೇಕೆಂಬ ಗುರಿಯನ್ನು ಅದೇ ವರ್ಷ ಮೇ ತಿಂಗಳಲ್ಲಿ ಕೈಬಿಟ್ಟಿತು. ಸ್ವಿಟ್ಜರ್ಲೆಂಡಿನ ಔಷಧ ಕಂಪನಿ ರೋಷ್ ಕೂಡ ಅದೇ ದಾರಿ ಹಿಡಿಯಿತು. ಟಿ-ಮೊಬೈಲ್ ಎಂಬ ದೂರವಾಣಿ ಕಂಪನಿಯ ಹೆಚ್ಚಿನ ಒಡೆತನ ಜರ್ಮನಿಯ ಡಾಯ್ಚ ಟೆಲಿಕಾಮಿನದು. ಇನ್ನೊಂದು ಕಂಪನಿಯನ್ನು ಕೊಂಡುಕೊಳ್ಳಲು ಅದಕ್ಕೆ ಅಮೆರಿಕದ ಸರಕಾರಿ ಆಯೋಗದ ಅಪ್ಪಣೆ ಬೇಕಾಗಿತ್ತು. 2025ರ ಜುಲೈನಲ್ಲಿ, ಡಿ.ಇ.ಐ. ಕಾರ್ಯಕ್ರಮಗಳನ್ನೆಲ್ಲ ಮುಗಿಸುತ್ತಿದ್ದೇವೆಂದು ಆಯೋಗಕ್ಕೆ ಬರೆದುಕೊಟ್ಟಿತು. ಕೆಲವೇ ದಿನಗಳಲ್ಲಿ ಅಪ್ಪಣೆ ಬಂದಿತು. ಇದಕ್ಕೆ ಹೆಚ್ಚಿನ ಟೀಕೆ ಬೇಡ.

ಎಲ್ಲರೂ ಬಾಗಲಿಲ್ಲ. ಫ್ರೆಂಚ್ ಸರಕಾರ ಇಂಥ ಹಸ್ತಕ್ಷೇಪವನ್ನು ಒಪ್ಪುವುದಿಲ್ಲವೆಂದಿತು. ಅವರ ದೇಶದಲ್ಲಿ ದೊಡ್ಡ ಕಂಪನಿಗಳ ಆಡಳಿತ ಮಂಡಲಿಯಲ್ಲಿ ನೂರಕ್ಕೆ 40 ಹೆಂಗಸರಿರಬೇಕೆಂದು 2011ರಲ್ಲೇ ಕಾಯಿದೆಯಾಗಿದೆ. ಕಾಯಿದೆಯೇ ಹೇಳಿದ ಮೇಲೆ, ಮಾಡುವುದಿಲ್ಲವೆಂದು ಕಂಪನಿ ರುಜು ಹಾಕುವುದಾದರೂ ಹೇಗೆ? ಸ್ಟಾಕ್‌ಹೋಮಿನವರೂ ಸಹಿ ಹಾಕುವುದಿಲ್ಲವೆಂದರು. ಅಮೆರಿಕದಲ್ಲೇ ಕಾಸ್ಟ್‌ಕೋ ಎಂಬ ದೊಡ್ಡ ಅಂಗಡಿ ಕಂಪನಿಯ ಪಾಲುದಾರರು, ಈ ಕಾರ್ಯಕ್ರಮಗಳಿಗೆ ವಿರುದ್ಧವಾಗಿ ಬಂದ ಠರಾವನ್ನು 2025ರ ಜನವರಿಯಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮತಗಳಿಂದ ತಳ್ಳಿಹಾಕಿದರು. ಟಾರ್ಗೆಟ್ ಎಂಬ ಇನ್ನೊಂದು ಅಂಗಡಿ ಕಂಪನಿ ಅದೇ ತಿಂಗಳು ಹಿಂದೆ ಸರಿಯಿತು. ಅದರ ಮುಖ್ಯ ಕಚೇರಿ ಇರುವುದು ಫ್ಲಾಯ್ಡ್ ಸತ್ತ ಮಿನಿಯಾಪೊಲಿಸ್ಸಿನಲ್ಲೇ. ಕಪ್ಪು ಜನರ ಚರ್ಚುಗಳು ಬಹಿಷ್ಕಾರ ಹೂಡಿದವು. ಮಾರಾಟ ಇಳಿಯಿತು; ಗಿರಾಕಿಗಳ ಸಿಟ್ಟೂ ಅದಕ್ಕೊಂದು ಕಾರಣವೆಂದು ಕಂಪನಿಯೇ ಒಪ್ಪಿಕೊಳ್ಳಬೇಕಾಯಿತು. ಆದರೆ ಆ ಅಂಗಡಿಯ ಕಪಾಟಿಗೆ ಸಾಬೂನನ್ನೋ ತಿಂಡಿಯನ್ನೋ ಮಾಡಿ ಒದಗಿಸುತ್ತಿದ್ದ ಕಪ್ಪು ಸಣ್ಣ ಉದ್ಯಮಿಗಳಿಗೂ ಬಹಿಷ್ಕಾರದ ಪೆಟ್ಟು ತಗುಲಿತು. ದೊಡ್ಡವನು ಮಾತು ಮುರಿದರೆ ಸಣ್ಣವನು ಎರಡು ಕಡೆಯಿಂದ ಏಟು ತಿನ್ನುತ್ತಾನೆ.

ಈಗ ಗಿರಣಿಯ ಮಾತಿಗೆ ಬರುತ್ತೇವೆ. ಈ ವಿಷಯದ ಬೇರು ಇರುವುದು ಅಲ್ಲಿಯೇ.

ಅಮೆರಿಕದ ದಕ್ಷಿಣ ಭಾಗದಲ್ಲಿ ಒಂದು ಕಾಲಕ್ಕೆ ಹತ್ತಿ ಗಿರಣಿಯೇ ದೊಡ್ಡ ಉದ್ಯಮ. 1915ರಲ್ಲಿ ದಕ್ಷಿಣ ಕೆರೊಲೈನಾ ರಾಜ್ಯದವರು ಒಂದು ಕಾಯಿದೆ ಮಾಡಿದರು: ಬಟ್ಟೆ ಗಿರಣಿಯಲ್ಲಿ ಬಿಳಿಯರೂ ಕಪ್ಪು ಜನರೂ ಒಂದೇ ಕೋಣೆಯಲ್ಲಿ ಕೆಲಸ ಮಾಡಕೂಡದು, ಒಂದೇ ಹೊತ್ತಿನಲ್ಲಿ ಒಂದೇ ಬಾಗಿಲಿನಿಂದ ಹೋಗಕೂಡದು, ಸಂಬಳದ ಕಿಟಕಿ ಬೇರೆ, ಕುಡಿಯುವ ನೀರಿನ ಬಕೀಟು ಬೇರೆ. ಕಪ್ಪು ಮನುಷ್ಯನಿಗೆ ಉಳಿದದ್ದು ಬೇಲು ಹೊರುವುದು, ಅಂಗಳ ಗುಡಿಸುವುದು. 1960ರಲ್ಲೂ ಅಲ್ಲಿನ ಬಟ್ಟೆ ಗಿರಣಿಗಳ ನೂರು ಕಾರ್ಮಿಕರಲ್ಲಿ ಕಪ್ಪು ಜನ ಮೂರು ಚಿಲ್ಲರೆ ಮಾತ್ರ. 1978ರ ಹೊತ್ತಿಗೆ ಅವರು ನೂರಕ್ಕೆ 25 ಆದರು. ಹದಿನೆಂಟು ವರ್ಷಗಳಲ್ಲಿ ಇಷ್ಟು ಬದಲಾವಣೆಯಾದದ್ದು ಗಿರಣಿ ಧಣಿಗಳ ಮನಸ್ಸು ಕರಗಿತೆಂದಲ್ಲ. 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಬಂದಿತು. 1965ರ ಸೆಪ್ಟೆಂಬರ್ 24ರಂದು ಅಧ್ಯಕ್ಷ ಜಾನ್ಸನ್ 11246ನೆಯ ಹುಕುಮು ಹೊರಡಿಸಿ, ಸರಕಾರದ ಗುತ್ತಿಗೆ ಬೇಕಾದವರು ಎಲ್ಲ ಜನಾಂಗದವರಿಗೂ ಸಮಾನ ಅವಕಾಶ ಕೊಡಲೇಬೇಕೆಂದರು. ಸೈನ್ಯಕ್ಕೆ ಬಟ್ಟೆ ಒದಗಿಸುವ ಗಿರಣಿಗಳಿಗೆ ಆ ಮಾತು ನಾಟಿತು. ಹೆಸರು ಬರೆಸಲು ಸಾಲುಗಟ್ಟಿ ನಿಂತವರು, ಬೇಡವೆಂದಾಗ ಕೋರ್ಟಿಗೆ ಹೋದವರು ಕಪ್ಪು ಕಾರ್ಮಿಕರೇ, ಅವರಲ್ಲೂ ಹೆಂಗಸರು ಬಹಳ.

ಅಂದರೆ, ಸರಕಾರದ ಖರೀದಿಯೆಂಬ ಬೀಗದ ಕೈಯಿಂದ 1965ರಲ್ಲಿ ಬಾಗಿಲು ತೆರೆದರು. 2025ರಲ್ಲಿ ಅದೇ ಬೀಗದ ಕೈಯಿಂದ ಬಾಗಿಲು ಮುಚ್ಚಿದರು. ಜನವರಿ 21ರ ಹುಕುಮು ಮಾಡಿದ ಕೆಲಸಗಳಲ್ಲೊಂದು, ಜಾನ್ಸನ್ನನ ಹುಕುಮನ್ನು ರದ್ದುಮಾಡಿದ್ದು. ಸುಮಾರು ಅರವತ್ತು ವರ್ಷ ನಿಂತದ್ದು ಒಂದು ರುಜುವಿನಿಂದ ಹೋಯಿತು.

ಅದಕ್ಕೂ ಹಿಂದಿನ ಒಂದು ಮಾತು ನಮ್ಮ ಪಕ್ಷದವರಿಗೆ ಗೊತ್ತಿರಬೇಕಾದದ್ದು. ಇಂಥ ಮೊದಲ ದೊಡ್ಡ ಹುಕುಮು ಬಂದದ್ದು 1941ರ ಜೂನ್ 25ರಂದು, ರೂಸ್‌ವೆಲ್ಟರ ಕೈಯಿಂದ. ಯುದ್ಧ ಸಾಮಗ್ರಿಯ ಕಾರಖಾನೆಗಳಲ್ಲಿ ಭೇದ ಮಾಡಕೂಡದೆಂದು ಅದು ಹೇಳಿತು. ಅದನ್ನು ತೆಗೆಸಿದವರು ಎ. ಫಿಲಿಪ್ ರ‍್ಯಾಂಡಾಲ್ಫ್ – ಸಮಾಜವಾದಿ, ಕಪ್ಪು ಮನುಷ್ಯ, ರೈಲಿನ ಮಲಗುವ ಡಬ್ಬಿಗಳಲ್ಲಿ ಹಾಸಿಗೆ ಹಾಸುವ ಆಳುಗಳ ಸಂಘದ ಮುಖಂಡ. ಒಂದು ಲಕ್ಷ ಜನರನ್ನು ರಾಜಧಾನಿಗೆ ನಡೆಸಿಕೊಂಡು ಬರುತ್ತೇವೆಂದು ಅವರು ಸಾರಿದರು. ಮೆರವಣಿಗೆಗೆ ಮೊದಲೇ ಹುಕುಮು ಬಂದಿತು. 1925ರಲ್ಲಿ ಕಟ್ಟಿದ ಅವರ ಸಂಘ ಹನ್ನೆರಡು ವರ್ಷ ಹೆಣಗಿ, 1937ರಲ್ಲಿ ಪುಲ್‌ಮನ್ ಕಂಪನಿಯಿಂದ ಲಿಖಿತ ಕರಾರು ಪಡೆಯಿತು. ಆ ಕರಾರಿನಲ್ಲಿದ್ದ ಮಜೂರಿ, ಕೆಲಸದ ಗಂಟೆಗಳು ಕಂಪನಿಯ ಕೃಪೆಯಾಗಿರಲಿಲ್ಲ. ಆಳುಗಳು ಗೆದ್ದ ಹಕ್ಕಾಗಿತ್ತು.

ಈ ಹೋಲಿಕೆಯಿಂದ ನಮಗೆ ತೋರುವುದಿಷ್ಟು. ಕಂಪನಿಯ ನೀತಿ ಪುಸ್ತಕದಲ್ಲಿದ್ದದ್ದು ಒಂದು ವಾರದಲ್ಲಿ ಅಳಿಸಿಹೋಯಿತು. ಅಧ್ಯಕ್ಷರ ಹುಕುಮಿನಲ್ಲಿದ್ದದ್ದು ಇನ್ನೊಬ್ಬ ಅಧ್ಯಕ್ಷರು ಬರುವ ತನಕ ನಿಂತಿತು. 1964ರ ಕಾಯಿದೆ ಮಾತ್ರ ಇಂದಿಗೂ ಪುಸ್ತಕದಲ್ಲಿದೆ. ಅದನ್ನು ರುಜುವಿನಿಂದ ಅಳಿಸಲಾಗಲಿಲ್ಲ. ಆದರೆ ಕಾಯಿದೆಯೂ ತಾನಾಗಿ ನಡೆಯುವುದಿಲ್ಲ. ಉತ್ತರ ಕೆರೊಲೈನಾದ ವಿದ್ಯುತ್ ಕಂಪನಿಯೊಂದು, ಕೆಲಸಕ್ಕೆ ಸಂಬಂಧವಿಲ್ಲದ ಪರೀಕ್ಷೆಯನ್ನೂ ಹೈಸ್ಕೂಲು ಸರ್ಟಿಫಿಕೇಟನ್ನೂ ಒಡ್ಡಿ ಕಪ್ಪು ಕಾರ್ಮಿಕರನ್ನು ಕಸಬರಿಗೆಯ ಕೆಲಸದಲ್ಲೇ ಇಟ್ಟಿತ್ತು. ಅಂಥ ಅಡ್ಡಿ ಆ ಕಾಯಿದೆಗೆ ವಿರುದ್ಧವೆಂದು 1971ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಏಪ್ರಿಲ್‌ನಲ್ಲಿ ಹೊರಟ ಇನ್ನೊಂದು ಹುಕುಮು, ಇಂಥ ಮೊಕದ್ದಮೆಗಳ ಗೋಜನ್ನು ಸಾಧ್ಯವಾದಷ್ಟು ಬಿಡಿರೆಂದು ಸರಕಾರಿ ಇಲಾಖೆಗಳಿಗೆ ಹೇಳಿತು. ಕಾಯಿದೆ ಉಳಿಯಿತು, ಅದನ್ನು ನಡೆಸುವ ಕೈ ಹಿಂದೆ ಸರಿಯಿತು. ಕಾಯಿದೆಯ ಬೆನ್ನಿಗೆ ಸಂಘವಿಲ್ಲದಿದ್ದರೆ ಹೀಗಾಗುತ್ತದೆ.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಈ ಕಾರ್ಯಕ್ರಮಗಳನ್ನು ದ್ವೇಷಿಸಿದವರೆಲ್ಲ ದುಷ್ಟರಲ್ಲ. 2003ರ ಜುಲೈನಲ್ಲಿ ಉತ್ತರ ಕೆರೊಲೈನಾದ ಕನ್ನಾಪೊಲಿಸ್ ಊರಿನ ಪಿಲ್ಲೋಟೆಕ್ಸ್ ಗಿರಣಿ ಮುಚ್ಚಿದಾಗ ಆ ಒಂದು ರಾಜ್ಯದಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಅನ್ನ ಹೋಯಿತು. ಬಿಳಿಯರದೂ ಹೋಯಿತು, ಕಪ್ಪು ಜನರದೂ ಹೋಯಿತು. ಗಿರಣಿ ಮುಚ್ಚಿದರೆ ಊರು ಹೇಗೆ ಕಾಣುತ್ತದೆಂದು ಇಲ್ಲಿರುವವರಿಗೆ ಹೇಳಬೇಕೆ? ಹಾಗೆ ಕೆಲಸ ಕಳೆದುಕೊಂಡ ಬಿಳಿಯ ನೇಕಾರನ ಮಗನಿಗೆ, ನೀನು ಮೇಲಿನವನು, ನಿನ್ನ ಮನಸ್ಸನ್ನು ತಿದ್ದಿಕೋ ಎಂದು ಯಾವನೋ ಕೋಟ್ಯಧೀಶನ ಕಂಪನಿ ಬೋಧನೆ ಮಾಡಿದರೆ ಅವನಿಗೆ ಹೇಗಾದೀತು? ಕಂಪನಿಗಳು ವೈವಿಧ್ಯದ ಅಧಿಕಾರಿಯನ್ನು ನೇಮಿಸಿದವು. ಅವುಗಳಲ್ಲಿ ಹಲವು, ಅದೇ ಕೈಯಿಂದ, ಸಂಘ ಕಟ್ಟುವವರನ್ನು ಅಡಗಿಸಲು ವಕೀಲರನ್ನೂ ನೇಮಿಸಿದವು. ಮೇಲಿನ ಹತ್ತು ಕುರ್ಚಿಗಳಲ್ಲಿ ಎರಡು ಬೇರೆ ಬಣ್ಣದವರಿಗೆ ಸಿಕ್ಕಿತೆಂದು ಕೆಳಗೆ ಗೋದಾಮಿನಲ್ಲಿ ಹೊರುವವರ ಮಜೂರಿ ಏರಲಿಲ್ಲ. ಈ ಸಿಟ್ಟನ್ನು ರಾಜಕಾರಣಿಗಳು ಕಂಡರು. ಧಣಿಯ ಮೇಲೆ ಹೋಗಬೇಕಾದ ಸಿಟ್ಟನ್ನು ನೆರೆಯವನ ಮೇಲೆ ತಿರುಗಿಸಿದರು.

ಆದರೆ ಸಿಟ್ಟಿಗೆ ಕಾರಣವಿತ್ತೆಂದ ಮಾತ್ರಕ್ಕೆ ಪರಿಹಾರ ಸರಿಯಾಗುವುದಿಲ್ಲ. ಕಪ್ಪು ಹೆಣ್ಣುಮಗಳ ಬಡ್ತಿಯನ್ನು ತಡೆದರೆ ಕನ್ನಾಪೊಲಿಸ್ಸಿನ ಗಿರಣಿ ತೆರೆಯುವುದಿಲ್ಲ. ಅರ್ಹತೆಯೊಂದನ್ನೇ ನೋಡೋಣವೆಂಬ ಮಾತು ಕಿವಿಗೆ ಇಂಪಾಗಿದೆ. ನಮ್ಮಲ್ಲೂ ಅದು ಹಳೆಯದೇ. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿ, ಸರಕಾರಿ ನೌಕರಿಯಲ್ಲಿ ಹಿಂದುಳಿದ ಜಾತಿಗಳಿಗೆ ಪಾಲು ಕೊಡಹೊರಟಾಗ ಇದೇ ಕೂಗು ಎದ್ದಿತ್ತು. ಓಟಕ್ಕೆ ಮೊದಲು ಒಬ್ಬನ ಕಾಲು ಕಟ್ಟಿ ನೂರು ವರ್ಷ ಇಟ್ಟು, ಆಮೇಲೆ ಬಿಚ್ಚಿ, ಈಗ ಇಬ್ಬರೂ ಸಮ ಎಂದರೆ ಅದು ನ್ಯಾಯವಲ್ಲ. ಡಾಕ್ಟರ್ ಲೋಹಿಯಾ ಹೆಂಗಸರಿಗೆ, ದಲಿತರಿಗೆ, ಆದಿವಾಸಿಗಳಿಗೆ, ಹಿಂದುಳಿದವರಿಗೆ ನೂರಕ್ಕೆ ಅರವತ್ತು ಸ್ಥಾನ ಕೇಳಿದ್ದು ಇದಕ್ಕಾಗಿಯೇ. ದಯೆಯೆಂದು ಕೇಳಲಿಲ್ಲ, ಪಾಲೆಂದು ಕೇಳಿದರು.

ಇನ್ನು ನಮ್ಮ ಮನೆಯ ಮಾತು. ಆಕ್ಸೆಂಚರಿನಲ್ಲಿ ದುಡಿಯುವವರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ನಮ್ಮ ದೇಶದವರು, ಎಸ್.ಎ.ಪಿ.ಗೂ ಟಾರ್ಗೆಟಿಗೂ ಬೆಂಗಳೂರಿನಲ್ಲಿ ದೊಡ್ಡ ಕಚೇರಿಗಳಿವೆ. ನಮ್ಮ ಜಿಲ್ಲೆಗಳಿಂದ, ನಿಮ್ಮಂಥವರ ಮನೆಗಳಿಂದಲೇ ಹೆಣ್ಣುಮಕ್ಕಳು ಓದಿ ಅಂಥ ಕಚೇರಿಗಳಿಗೆ ಹೋಗಿದ್ದಾರೆ. ಗುರಿಯನ್ನು ಇಟ್ಟದ್ದು ಸಾಗರದಾಚೆ, ತೆಗೆದದ್ದೂ ಸಾಗರದಾಚೆ. ನಡುವೆ ಇಲ್ಲಿ ದುಡಿಯುವವರ ಒಪ್ಪಿಗೆ ಕೇಳುವ ಪದ್ಧತಿಯೇ ಇಲ್ಲ. ಆದರೆ ಒಂದನ್ನು ಗಮನಿಸಿರಿ. ಬಾಣಂತಿಗೆ 26 ವಾರಗಳ ಸಂಬಳದ ರಜೆ 2017ರಿಂದ ನಮ್ಮ ಕಾಯಿದೆಯಲ್ಲಿದೆ. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಕಿರುಕುಳವನ್ನು ತಡೆಯುವ ಕಾಯಿದೆ 2013ರದು. ಸಮಾನ ಕೆಲಸಕ್ಕೆ ಸಮಾನ ವೇತನ 1976ರಲ್ಲಿ ಕಾಯಿದೆಯಾಗಿ, ಈಗ ವೇತನ ಸಂಹಿತೆಯೊಳಗೆ ಸೇರಿದೆ. ಯಾವ ರಾಯಭಾರ ಕಚೇರಿಯ ಕಾಗದದಿಂದಲೂ ಇವು ಅಳಿಯುವುದಿಲ್ಲ. ಉಳಿದದ್ದೆಲ್ಲ – ಬಡ್ತಿಯಲ್ಲಿ ಪಾಲು, ದಲಿತ ಹುಡುಗನಿಗೆ ಮೊದಲ ಅವಕಾಶ – ಖಾಸಗಿ ಕಂಪನಿಯಲ್ಲಿ ಧಣಿಯ ಮರ್ಜಿ. ಮೀಸಲಾತಿ ಇರುವುದು ಸರಕಾರಿ ಕೆಲಸಕ್ಕೆ. ಕಾಯಂ ಸರಕಾರಿ ಕೆಲಸ ಗುತ್ತಿಗೆಗೆ ಹೋದಲ್ಲೆಲ್ಲ ಮೀಸಲಾತಿಯ ನೆಲವೂ ಕುಗ್ಗುತ್ತಿದೆ.

ಕೊನೆಯದಾಗಿ ಒಂದು ಕಹಿ ಮಾತು. ಹಳೆಯ ಮುಂಬಯಿ ಗಿರಣಿಗಳಲ್ಲಿ ದಲಿತರಿಗೆ ನೇಯ್ಗೆ ಖಾತೆಗೆ ಪ್ರವೇಶವಿರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಾಗಿತ್ತು. ಅವರ ಬಾಯಿ ತಾಗಿದ ಲಾಳಿಯನ್ನು ಉಳಿದವರು ಮುಟ್ಟಲೊಲ್ಲರು. ಹೆಚ್ಚು ಮಜೂರಿ ಇದ್ದದ್ದು ಆ ಖಾತೆಯಲ್ಲೇ. 1928ರ ಮುಷ್ಕರದ ಕಾಲದಲ್ಲಿ ಬಾಬಾಸಾಹೇಬ ಅಂಬೇಡ್ಕರರು ಈ ಪ್ರಶ್ನೆಯನ್ನೆತ್ತಿದಾಗ, ಅವರು ಬೆರಳು ತೋರಿಸಿದ್ದು ಧಣಿಯ ಕಡೆಗಷ್ಟೇ ಅಲ್ಲ. ಪಕ್ಕದ ಮಗ್ಗದವನ ಕಡೆಗೂ ಕೂಡ. ಅಮೆರಿಕದ ಕುಶಲಕರ್ಮಿಗಳ ಹಲವು ಸಂಘಗಳೂ ಬಹುಕಾಲ ಕಪ್ಪು ಜನರನ್ನು ಹೊರಗಿಟ್ಟಿದ್ದವು. ರ‍್ಯಾಂಡಾಲ್ಫ್ ಅವರೊಡನೆಯೂ ಜೀವಮಾನವೆಲ್ಲ ಜಗಳವಾಡಬೇಕಾಯಿತು.

ಆದ್ದರಿಂದ ಟ್ರಂಪರನ್ನು ಬೈದು ಮನೆಗೆ ಹೋಗುವುದು ಸುಲಭ. ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಹನ್ನೊಂದು ಜನರಲ್ಲಿ ಹೆಂಗಸರು ಎಷ್ಟು? ಒಬ್ಬರೂ ಇಲ್ಲ. ಗುತ್ತಿಗೆಯ ಮೇಲೆ ಗಿರಣಿ ಗುಡಿಸುವವರಲ್ಲಿ ಸದಸ್ಯರೆಷ್ಟು? ಅವರಿಂದ ನಾವು ವಂತಿಗೆಯನ್ನೇ ಕೇಳಿಲ್ಲ. ವರ್ತಕ ಮಿತ್ರರೇ, ನಿಮ್ಮ ಅಂಗಡಿಯ ಗಲ್ಲಾದ ಮೇಲೆ ಯಾವ ಜಾತಿಯ ಹುಡುಗನನ್ನು ಕೂರಿಸುತ್ತೀರಿ, ಮೂಟೆ ಹೊರಲು ಯಾರನ್ನು ಕರೆಯುತ್ತೀರಿ ಎಂಬುದನ್ನು ನಿಮ್ಮೊಳಗೇ ಕೇಳಿಕೊಳ್ಳಿರಿ. ನಾವೇ ಬಾಗಿಲು ಮುಚ್ಚಿಕೊಂಡು ಕುಳಿತರೆ ಇನ್ನೊಬ್ಬನ ಬಾಗಿಲ ಮುಂದೆ ಘೋಷಣೆ ಕೂಗುವುದಕ್ಕೆ ಬಾಯಿ ಹೇಗೆ ಬಂದೀತು?

ಮುಂದಿನ ಸರ್ವಸದಸ್ಯರ ಸಭೆಗೆ ನಾವು ಎರಡು ಠರಾವುಗಳನ್ನು ತರುತ್ತೇವೆ. ಕಾರ್ಯಕಾರಿ ಸಮಿತಿಯಲ್ಲಿ ಮೂರು ಸ್ಥಾನ ಹೆಂಗಸರಿಗೆ, ಎರಡು ಸ್ಥಾನ ಗುತ್ತಿಗೆ ಕಾರ್ಮಿಕರಿಗೆ ಮೀಸಲೆಂದು ಸಂಘದ ನಿಯಮಾವಳಿಯಲ್ಲೇ ಬರೆಯುವುದು ಒಂದು. ಇನ್ನು ಮುಂದೆ ಗಿರಣಿಯೊಡನೆ ಮಾಡುವ ಪ್ರತಿಯೊಂದು ಒಪ್ಪಂದದಲ್ಲಿ ನೇಮಕ ಹಾಗೂ ಬಡ್ತಿಯಲ್ಲಿ ಭೇದ ಮಾಡಕೂಡದೆಂಬ ಕಲಮನ್ನು ಸೇರಿಸಿಯೇ ರುಜು ಮಾಡುವುದು ಎರಡು. ಅದನ್ನು ಮಾತಿನಲ್ಲಿ ಒಪ್ಪಿದರೆ ಸಾಲದು, ಮ್ಯಾನೇಜರರ ಸುತ್ತೋಲೆಯಲ್ಲಿ ಬಂದರೂ ಸಾಲದು. ಇಬ್ಬರ ರುಜು ಬಿದ್ದ ಕಾಗದದಲ್ಲಿರಬೇಕು. ಹಾಗಿದ್ದರೆ ನಾಳೆ ಧಣಿ ಬದಲಾದರೂ, ಸರಕಾರ ಬದಲಾದರೂ, ಸಾಗರದಾಚೆಯಿಂದ ಯಾರೇ ಕಾಗದ ಬರೆದರೂ, ನಮ್ಮನ್ನು ಕೇಳದೆ ಅದನ್ನು ಅಳಿಸಲಾಗದು.

ಠರಾವಿಗೆ ವಿರೋಧವಿರುವವರು ಸಭೆಗೆ ತಪ್ಪದೆ ಬನ್ನಿರಿ, ಬಾಯಿಬಿಟ್ಟು ಹೇಳಿರಿ. ಒಪ್ಪುವವರು ಮನೆಯ ಹೆಂಗಸರನ್ನೂ ಕರೆದುಕೊಂಡು ಬನ್ನಿರಿ.